ಬ್ರಿಟಿಷ್ ಆಳ್ವಿಕೆ: ಕನ್ನಡ ನಾಡಿಗೆ ಒಳಿತೆಷ್ಟು, ಕೇಡೆಷ್ಟು?

ಪ್ರಶ್ನೆ: ಪಿಯುಸಿ ಓದುತ್ತಿರುವ ನನ್ನ ಮಗಳ ಕಾಲೇಜಿನಲ್ಲಿ ‘ವಸಾಹತು ಆಳ್ವಿಕೆಯಿಂದ ಆಳಿಸಿಕೊಂಡವರಿಗೆ ಹಾನಿಗಿಂತ ಲಾಭವೇ ಹೆಚ್ಚು’ ಎಂಬ ವಿಷಯದ ಮೇಲೆ ಚರ್ಚಾಸ್ಪರ್ಧೆ ಇಟ್ಟಿದ್ದಾರೆ. ಬ್ರಿಟಿಷರು ಬಾರದೇ ಇದ್ದಿದ್ದರೆ ರೈಲು, ಶಾಲೆ, ಕಾನೂನು ಯಾವುದೂ ಇರುತ್ತಿರಲಿಲ್ಲ ಎಂದು ನಮ್ಮ ಮಾವನವರು ಹೇಳುತ್ತಾರೆ. ಅವರು ಮಾಡಿದ್ದು ಬರೀ ಲೂಟಿ ಎಂದು ನನ್ನ ತಮ್ಮ ವಾದಿಸುತ್ತಾನೆ. ನಮ್ಮ ಕನ್ನಡ ನಾಡಿನ ಮಟ್ಟಿಗೆ ನಿಜ ಯಾವುದು? ಮಗಳು ಏನನ್ನು ಓದಬೇಕು? (ಗದಗ ಜಿಲ್ಲೆಯ ಒಬ್ಬ ಓದುಗರು)

ಉತ್ತರ: ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಕೇಡೇ ಹೆಚ್ಚು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನಿಮ್ಮ ತಮ್ಮ ‘ಲೂಟಿ’ ಎಂಬ ಒಂದೇ ಮಾತಿನಲ್ಲಿ ಅದನ್ನು ಮುಗಿಸಿದರೆ, ಆ ಆಳ್ವಿಕೆಯ ಬಿರುಕುಗಳಲ್ಲಿ ಕಾಲೂರಿ ಮೇಲೆ ಬಂದ ಸಾವಿರಾರು ಜನರ ಕಥೆಯನ್ನು ಅಳಿಸಿಹಾಕಿದಂತಾಗುತ್ತದೆ. ನಿಮ್ಮ ಮಾವನವರು ಹೇಳುವ ವಸ್ತುಗಳೆಲ್ಲ ಬಂದದ್ದು ನಿಜ. ಅವನ್ನು ಬ್ರಿಟಿಷರು ‘ಕೊಟ್ಟರು’ ಎನ್ನುವಲ್ಲಿ ಅವರ ಲೆಕ್ಕ ತಪ್ಪುತ್ತದೆ. ಬಹುಪಾಲು ಸಂಗತಿಗಳಿಗೆ ಹಣ ಕೊಟ್ಟವರು ಇಲ್ಲಿನ ರೈತರು, ದುಡಿದವರು ಇಲ್ಲಿನ ಕೂಲಿಗಳು. ಏನನ್ನು, ಎಲ್ಲಿ, ಯಾರಿಗಾಗಿ ಕಟ್ಟಬೇಕು ಎಂಬ ತೀರ್ಮಾನ ಮಾತ್ರ ಅವರ ಕೈಯಲ್ಲಿರಲಿಲ್ಲ. ನನ್ನ ಉತ್ತರವೆಲ್ಲ ಈ ಕೊನೆಯ ಮಾತನ್ನು ಹಿಡಿದೇ ಸಾಗುತ್ತದೆ.

ಈ ಪ್ರಶ್ನೆಯನ್ನು ಪರೀಕ್ಷಿಸಲು ಕನ್ನಡ ನಾಡಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ನಾಡು ಹಲವು ತುಂಡುಗಳಾಯಿತು. ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಧಾರವಾಡ, ಬೆಳಗಾವಿ, ವಿಜಾಪುರ ಮುಂಬಯಿ ಪ್ರಾಂತ್ಯಕ್ಕೆ ಸೇರಿದವು. ಬೀದರ್, ಕಲಬುರಗಿ, ರಾಯಚೂರು ನಿಜಾಮನ ಕೈಯಲ್ಲಿ ಉಳಿದವು. ಕೊಡಗನ್ನು 1834ರಲ್ಲಿ ಕಂಪನಿ ನೇರವಾಗಿ ವಶಪಡಿಸಿಕೊಂಡಿತು. ಮೈಸೂರು ಒಡೆಯರಿಗೆ ದಕ್ಕಿತು. ಆದರೆ 1831ರಿಂದ 1881ರವರೆಗೆ ಅಲ್ಲಿಯೂ ಬ್ರಿಟಿಷ್ ಕಮಿಷನರುಗಳದೇ ದರ್ಬಾರು. ಭಾಷೆ ಒಂದು, ಬೆಳೆ ಹೆಚ್ಚುಕಡಿಮೆ ಒಂದೇ ಬಗೆಯದು, ಆಳುವವರು ಮಾತ್ರ ಬೇರೆ ಬೇರೆ. ಚರಿತ್ರಕಾರನಿಗೆ ಇಂಥ ಹೋಲಿಕೆ ಸುಲಭವಾಗಿ ಸಿಗುವುದಿಲ್ಲ.

ಎಲ್ಲಕ್ಕಿಂತ ಮೊದಲು ನಿಮ್ಮ ಮಗಳು 1876–78ರ ಬರವನ್ನು ಓದಲಿ. ನಮ್ಮ ಹಿರಿಯರು ಇದನ್ನು ಧಾತು–ಈಶ್ವರ ಸಂವತ್ಸರಗಳ ಬರ ಎಂದು ಕರೆಯುತ್ತಿದ್ದರು. ಮೈಸೂರು ಸಂಸ್ಥಾನದ 1871ರ ಜನಗಣತಿಯಲ್ಲಿ 50,55,412 ಜನರಿದ್ದರು. 1881ರಲ್ಲಿ ಎಣಿಸಿದಾಗ ಸಿಕ್ಕವರು 41,86,188. ಹತ್ತು ವರ್ಷಗಳಲ್ಲಿ ಜನಸಂಖ್ಯೆ ಬೆಳೆಯಬೇಕಿತ್ತು. ಬದಲಿಗೆ ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಕಡಿಮೆಯಾಯಿತು. ಮಳೆ ಕೈಕೊಟ್ಟದ್ದಕ್ಕೆ ಯಾವ ಸರ್ಕಾರವೂ ಹೊಣೆಯಲ್ಲ. ಅದಕ್ಕೂ ಮೊದಲು, 1791–92ರಲ್ಲಿ ಉತ್ತರ ಕರ್ನಾಟಕವನ್ನು ದೋಜಿ ಬರ ಹಿಂಡಿಹಾಕಿತ್ತು; ಆಗ ಅಲ್ಲಿ ಕಂಪನಿಯ ಆಳ್ವಿಕೆ ಇರಲಿಲ್ಲ. ಹಾಗಾಗಿ ಬರವನ್ನು ಬ್ರಿಟಿಷರೇ ತಂದರು ಎಂದು ವೇದಿಕೆಯ ಮೇಲೆ ಹೇಳಿದರೆ ಎದುರಾಳಿ ತಂಡ ಸುಲಭವಾಗಿ ಕೆಡವುತ್ತದೆ.

ಕೇಳಬೇಕಾದದ್ದು ಬೇರೆಯೇ ಇದೆ. ಬರ ಬಂದಾಗ ಸಾವನ್ನು ತಡೆಯುವ ವಿದ್ಯೆ ಆ ಸರ್ಕಾರಕ್ಕೆ ಗೊತ್ತಿತ್ತೇ? ಗೊತ್ತಿತ್ತು. 1873–74ರಲ್ಲಿ ಬಿಹಾರ ಮತ್ತು ಬಂಗಾಳದಲ್ಲಿ ಬೆಳೆ ಹೋದಾಗ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬರ್ಮಾದಿಂದ ಅಕ್ಕಿ ತರಿಸಿ, ಧಾರಾಳವಾಗಿ ಹಂಚಿಸಿ, ಸಾವುಗಳು ಹೆಚ್ಚದಂತೆ ನೋಡಿಕೊಂಡಿದ್ದ. ಅದಕ್ಕೆ ಅವನಿಗೆ ಸಿಕ್ಕ ಬಹುಮಾನವೆಂದರೆ ದುಂದುವೆಚ್ಚ ಮಾಡಿದನೆಂಬ ಛೀಮಾರಿ. ಮೂರು ವರ್ಷಗಳ ನಂತರ ವೈಸರಾಯ್ ಲಿಟ್ಟನ್ ಅದೇ ಟೆಂಪಲ್‌ನನ್ನು ದಕ್ಷಿಣಕ್ಕೆ ಕಳುಹಿಸಿದ. ಈ ಬಾರಿ ಅವನು ಪಾಠ ಕಲಿತಿದ್ದ, ಕಲಿಯಬಾರದ ಪಾಠವನ್ನು. ಬರಗಾಲದ ಕಾಮಗಾರಿಯಲ್ಲಿ ದಿನವಿಡೀ ಕಲ್ಲು ಮಣ್ಣು ಹೊರುವ ಗಂಡಾಳಿಗೆ ಒಂದು ಪೌಂಡು ಧಾನ್ಯ ಮತ್ತು ಒಂದಾಣೆ, ಹೆಂಗಸರಿಗೆ ಮಕ್ಕಳಿಗೆ ಅದಕ್ಕಿಂತ ಕಡಿಮೆ ಎಂದು ಗೊತ್ತುಮಾಡಿದ. ಒಂದು ಪೌಂಡೆಂದರೆ ಅರ್ಧ ಕಿಲೋ ಕೂಡ ಅಲ್ಲ, ಸುಮಾರು 450 ಗ್ರಾಂ. ಇಷ್ಟು ತಿಂದು ಕೆಲಸ ಮಾಡುವ ಮನುಷ್ಯ ಬದುಕಲಾರ ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಪ್ರತಿಭಟಿಸಿದ. ಅವನೂ ಬ್ರಿಟಿಷನೇ ಎಂಬುದನ್ನು ಮರೆಯದೆ ಹೇಳಬೇಕು. ಬಳ್ಳಾರಿ ಆ ಪ್ರಾಂತ್ಯದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲೊಂದು. ಇತ್ತ ಜನ ಸಾಯುತ್ತಿರುವಾಗಲೇ 1877ರ ಜನವರಿ 1ರಂದು ದೆಹಲಿಯಲ್ಲಿ ದರ್ಬಾರು ನಡೆದು ವಿಕ್ಟೋರಿಯಾಳನ್ನು ಭಾರತದ ಚಕ್ರವರ್ತಿನಿಯೆಂದು ಸಾರಲಾಯಿತು. ಹಿಂದೂಸ್ತಾನದ ಬಂದರುಗಳಿಂದ ಗೋಧಿಯ ರಫ್ತೂ ನಿಲ್ಲಲಿಲ್ಲ. ಧಾನ್ಯದ ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದು ಎಂಬುದು ಲಿಟ್ಟನ್‌ನ ಸಿದ್ಧಾಂತವಾಗಿತ್ತು.

ಮದ್ರಾಸಿನ ಕಡೆಯಿಂದ ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು ಎಂಬುದನ್ನೂ ಇಲ್ಲೇ ಗಮನಿಸಿ. ಹಳಿ ಇತ್ತು, ಗಾಡಿ ಇತ್ತು. ಕೊಳ್ಳುವ ಕಾಸು ಜನರ ಬಳಿ ಇರಲಿಲ್ಲ, ಕೊಡಿಸುವ ಮನಸ್ಸು ಸರ್ಕಾರಕ್ಕಿರಲಿಲ್ಲ. ಆ ವರ್ಷಗಳಲ್ಲಿ ಮೈಸೂರನ್ನು ಆಳುತ್ತಿದ್ದವರು ಅರಸರಲ್ಲ, ಬ್ರಿಟಿಷ್ ಕಮಿಷನರುಗಳು. 1881ರಲ್ಲಿ ಅವರು ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಹಿಂದಿರುಗಿಸಿದಾಗ ಜೊತೆಯಲ್ಲಿ ಸುಮಾರು 80 ಲಕ್ಷ ರೂಪಾಯಿಗಳ ಸಾಲವನ್ನೂ ದಾಟಿಸಿದರು.

ಈ ಮಹಾಮಾರಿಯಿಂದ ಒಳ್ಳೆಯದೇನಾದರೂ ಹುಟ್ಟಿತೇ? ಹುಟ್ಟಿತು. 1880ರ ಕ್ಷಾಮ ಆಯೋಗದ ವರದಿಯ ಮೇಲೆ ಬರಗಾಲದ ಸಂಹಿತೆಗಳು ಬಂದವು. ಯಾವ ಲಕ್ಷಣ ಕಂಡಾಗ ಕಾಮಗಾರಿ ತೆರೆಯಬೇಕು, ಎಷ್ಟು ಕೂಲಿ ಕೊಡಬೇಕು, ದುಡಿಯಲಾಗದವರಿಗೆ ಏನು ಮಾಡಬೇಕು ಎಂಬುದೆಲ್ಲ ಬರಹಕ್ಕಿಳಿಯಿತು. ಸ್ವತಂತ್ರ ಭಾರತ ಅದೇ ಚೌಕಟ್ಟನ್ನು ಬಳಸಿಕೊಂಡಿತು. 1972ರ ಭೀಕರ ಬರದಲ್ಲಿ ದಖ್ಖನ್ನಿನ ಹಳ್ಳಿಗಳು ಒಣಗಿದರೂ ಹೆಣಗಳ ರಾಶಿ ಬೀಳಲಿಲ್ಲ. ಆದರೆ ಅದೇ ಸಂಹಿತೆ ಕೈಯಲ್ಲಿದ್ದೂ 1943ರಲ್ಲಿ ಬಂಗಾಳದಲ್ಲಿ ಸುಮಾರು 30 ಲಕ್ಷ ಜನ ಸತ್ತರು, ಏಕೆಂದರೆ ಅಲ್ಲಿ ಸರ್ಕಾರ ಬರವನ್ನು ಬರವೆಂದು ಘೋಷಿಸಲೇ ಇಲ್ಲ. ಒಂದೇ ನಿಯಮಾವಳಿ, ಎರಡು ಫಲ. ನಡುವೆ ಬದಲಾದದ್ದು ಆಳುವವರು ಯಾರಿಗೆ ಉತ್ತರ ಕೊಡಬೇಕಿತ್ತು ಎಂಬುದು. ಓಟಿನ ಭಯವಿರುವ ಮಂತ್ರಿ ಹಸಿದವರನ್ನು ಕಡೆಗಣಿಸಿ ಬಹಳ ದಿನ ಕುರ್ಚಿಯಲ್ಲಿ ಕೂರಲಾರ. ಲಂಡನ್ನಿಗೆ ಮಾತ್ರ ಲೆಕ್ಕ ಒಪ್ಪಿಸುವ ವೈಸರಾಯ್ ಕೂರಬಲ್ಲ.

ಇನ್ನು ರೈಲು. ಪ್ರತಿ ಚರ್ಚೆಯಲ್ಲೂ ಇದನ್ನೇ ಎಳೆದು ತರುವುದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಆದರೂ ಉತ್ತರಿಸಲೇಬೇಕು. ಮೊದಲ ರೈಲು ಕಂಪನಿಗಳು ಲಂಡನ್ನಿನಲ್ಲಿ ಷೇರು ಮಾರಿ ಹಣ ಎತ್ತಿದವು. ಲಾಭ ಬರಲಿ ಬಿಡಲಿ, ಹೂಡಿದವರಿಗೆ ವರ್ಷಕ್ಕೆ ನೂರಕ್ಕೆ 5ರಂತೆ ಕೊಡುವ ಖಾತರಿಯನ್ನು ಭಾರತದ ಬೊಕ್ಕಸ ಹೊತ್ತಿತು. ಗಳಿಕೆ ಸಾಲದಿದ್ದರೆ ಕೊರತೆಯನ್ನು ತುಂಬಿದ್ದು ಇಲ್ಲಿನ ಕಂದಾಯ. ಇಂಥ ಖಾತರಿ ಇರುವಾಗ ಮಿತವ್ಯಯ ಯಾರಿಗೆ ಬೇಕು? ನಿಮ್ಮ ಭಾಗದ ಸದರ್ನ್ ಮರಾಠಾ ರೈಲ್ವೆ 1882ರಲ್ಲಿ ಹುಟ್ಟಿದ್ದು ಬರದ ಅನುಭವದ ಮೇಲೆ, ಮುಂದೆ ಬರ ಬಂದರೆ ಧಾನ್ಯ ಸಾಗಿಸಲು. ಅದು ನಿಜವಾಗಿಯೂ ಉಪಕಾರ ಮಾಡಿತು. ರೈಲು ತಲುಪಿದ ಜಿಲ್ಲೆಗಳಲ್ಲಿ ಧಾನ್ಯದ ಬೆಲೆಯ ಏರುಪೇರು ತಗ್ಗಿತು, ರೈತರ ಆದಾಯವೂ ಏರಿತು ಎಂದು ಅರ್ಥಶಾಸ್ತ್ರಜ್ಞರು ಹಳೆಯ ದಾಖಲೆಗಳನ್ನು ಜಾಲಾಡಿ ತೋರಿಸಿದ್ದಾರೆ. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರ ಒಂದು ಊರಿನ ಹಣೆಬರಹವನ್ನೇ ಬದಲಿಸಿತು. ಅದೇ ಹಳಿಗಳ ಮೇಲೆ ಧಾರವಾಡ ಸೀಮೆಯ ಹತ್ತಿ ಕ್ಯಾಸಲ್‌ರಾಕ್ ಘಟ್ಟವಿಳಿದು ಪೋರ್ಚುಗೀಸರ ಮುರ್ಮಗೋವಾ ಬಂದರಿಗೂ ಹೋಯಿತು. ಹಳಿ ಎರಡಕ್ಕೂ ಬಳಕೆಯಾಯಿತು, ಒಪ್ಪುತ್ತೇನೆ. ಆದರೆ ರೈಲು ಬರಲು ಪರರ ಆಳ್ವಿಕೆ ಬೇಕೇಬೇಕು ಎನ್ನುವುದು ಸುಳ್ಳು. ಯಾರ ಕೈಕೆಳಗೂ ಇರದ ಜಪಾನ್ 1872ರಲ್ಲಿ ತನ್ನ ಮೊದಲ ಮಾರ್ಗವನ್ನು ತೆರೆಯಿತು. ಬ್ರಿಟಿಷ್ ತಂತ್ರಜ್ಞರನ್ನು ಸಂಬಳ ಕೊಟ್ಟು ಕರೆಸಿಕೊಂಡಿತು, ವಿದ್ಯೆ ಕಲಿತ ಮೇಲೆ ಕಳುಹಿಸಿಕೊಟ್ಟಿತು.

ಹತ್ತಿಯ ಮಾತು ಬಂತು. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದಾಗ ಲ್ಯಾಂಕಾಶೈರಿನ ಗಿರಣಿಗಳಿಗೆ ಅರಳೆ ಸಿಗದೆ ಹಾಹಾಕಾರವೆದ್ದಿತು. ಅವರ ಕಣ್ಣು ಧಾರವಾಡದ ಎರೆ ಹೊಲಗಳ ಮೇಲೆ ಬಿತ್ತು. ಅಮೆರಿಕನ್ ಬೀಜದ ಹತ್ತಿಯನ್ನು ಅದಕ್ಕೂ ಇಪ್ಪತ್ತು ವರ್ಷ ಹಿಂದಿನಿಂದಲೇ ಇಲ್ಲಿ ಬೆಳೆಸಲು ಯತ್ನಿಸಿದ್ದರು. ಇಲ್ಲಿನ ನಾಟಿ ಹತ್ತಿ ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಮುಂಬಯಿ ಪೇಟೆಯಲ್ಲಿ ಅದಕ್ಕೆ ‘ಕುಮಟಾ’ ಎಂದೇ ಹೆಸರು. ಮ್ಯಾಂಚೆಸ್ಟರಿನ ವರ್ತಕರ ಒತ್ತಡದಿಂದ ಕಾರವಾರದಲ್ಲಿ ಬಂದರು ಕಟ್ಟುವ ಯೋಜನೆ ಎದ್ದಿತು. ಕೆನರಾ ಜಿಲ್ಲೆಯನ್ನು ಎರಡಾಗಿ ಸೀಳಿ, 1862ರಲ್ಲಿ ಉತ್ತರ ಭಾಗವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಿದರು. ಉತ್ತರ ಕನ್ನಡ, ದಕ್ಷಿಣ ಕನ್ನಡ ಎಂಬ ಎರಡು ಜಿಲ್ಲೆಗಳು ಇಂದು ಇರುವುದಕ್ಕೆ ಹತ್ತಿಯೂ ಒಂದು ಕಾರಣ. ಯುದ್ಧ ಮುಗಿದದ್ದೇ ತಡ, ಬೆಲೆ ಕುಸಿಯಿತು. ಆ ನಾಲ್ಕು ವರ್ಷ ರೈತರು ಹಣ ಕಂಡದ್ದು ಸುಳ್ಳಲ್ಲ. ಬೆಲೆ ಬಿದ್ದಾಗ ಸಾಲ ಮಾತ್ರ ಅವರ ಮನೆಯಲ್ಲೇ ಉಳಿಯಿತು.

ನೇಕಾರರ ಬಗ್ಗೆ ಎಲ್ಲರೂ ಹೇಳುತ್ತಾರೆ. ನೂಲುವವರ ಬಗ್ಗೆ ಯಾರೂ ಹೇಳುವುದಿಲ್ಲ. ಮಗ್ಗ ಪೂರ್ತಿ ಸಾಯಲಿಲ್ಲ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣಗಳನ್ನು ಗಿರಣಿಗಳು ನಕಲು ಮಾಡಲಾಗದೆ ಬಿಟ್ಟವು. ನಿಮ್ಮ ಬೆಟಗೇರಿಯ ನೇಕಾರರೂ ಗಿರಣಿಯ ನೂಲನ್ನೇ ಕೊಂಡು ನೇಯ್ದು ಉಳಿದರು. ಆದರೆ ಆ ನೂಲನ್ನು ಹಿಂದೆ ಮನೆಮನೆಯಲ್ಲಿ ರಾಟೆಯ ಮೇಲೆ ತೆಗೆಯುತ್ತಿದ್ದವರು ಹೆಂಗಸರು, ಅವರಲ್ಲಿ ಅನೇಕರು ವಿಧವೆಯರು. ವಿಲಾಯಿತಿ ನೂಲು ಬಂದ ಮೇಲೆ ಅವರ ಕೈಕಾಸು ಸದ್ದಿಲ್ಲದೆ ನಿಂತುಹೋಯಿತು. ಅದಕ್ಕಾಗಿ ಯಾರೂ ಅರ್ಜಿ ಬರೆಯಲಿಲ್ಲ, ಆದ್ದರಿಂದ ದಫ್ತರಗಳಲ್ಲೂ ಅವರ ಸುಳಿವು ಕಡಿಮೆ.

ಇಷ್ಟನ್ನೆಲ್ಲ ಕೇಳಿ ನಿಮ್ಮ ತಮ್ಮ ಗೆದ್ದೆನೆಂದು ಬೀಗಬಾರದು. ಈಗ ಅವನಿಗೆ ಕಷ್ಟವಾಗುವ ಭಾಗಕ್ಕೆ ಬರುತ್ತೇನೆ. ‘ನಾವು’ ಎಂದರೆ ಯಾರು?

1856ರ ಜೂನ್‌ನಲ್ಲಿ ಧಾರವಾಡದಲ್ಲಿ ಅಸ್ಪೃಶ್ಯರೆನಿಸಿದ್ದ ಮಹಾರ ಜಾತಿಯ ಒಬ್ಬ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಕೇಳಿದ. ನಿರಾಕರಿಸಿದರು. ಅವನು ಸುಮ್ಮನಿರದೆ ಮುಂಬಯಿ ಸರ್ಕಾರಕ್ಕೇ ಅರ್ಜಿ ಬರೆದ. ನ್ಯಾಯವೇನೋ ನಿನ್ನ ಕಡೆಗಿದೆ, ಆದರೆ ನಿನ್ನೊಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟುಹೋಗುವಂತೆ ಮಾಡಲಾಗದು ಎಂಬ ಅರ್ಥದ ಉತ್ತರ ಬಂತು. ಪ್ರಕರಣ ಕಲ್ಕತ್ತೆಗೆ ಹೋಯಿತು. ಅಲ್ಲಿನ ಸರ್ಕಾರ ಮುಂಬಯಿಯ ನಿಲುವನ್ನು ಒಪ್ಪಲಿಲ್ಲ. ಕೊನೆಗೆ 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂದು ಬರೆದರು. ಕಾಗದದ ಮೇಲಿನ ಈ ಗೆಲುವು ನೆಲಕ್ಕಿಳಿಯಲು ದಶಕಗಳೇ ಬೇಕಾದವು. ಆದರೂ ಒಂದು ಮಾತು ಒಪ್ಪಲೇಬೇಕು: ಅದಕ್ಕೆ ಮೊದಲು ಆ ಹುಡುಗನಿಗೆ ಅರ್ಜಿ ಬರೆಯಲು ಒಂದು ವಿಳಾಸವೇ ಇರಲಿಲ್ಲ. ಆ ಬಾಗಿಲನ್ನು ಮುಚ್ಚಿ ನಿಂತವರು ಇಂಗ್ಲಿಷರಲ್ಲ, ನಮ್ಮವರೇ. ಬ್ರಿಟಿಷರು ಕಾಣಿಸಿಕೊಂಡದ್ದು ಆ ಕಾವಲುಗಾರರನ್ನು ಎದುರು ಹಾಕಿಕೊಳ್ಳದ ಯಜಮಾನರಾಗಿ. ಅಂಬೇಡ್ಕರ್ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಇದನ್ನೇ ಮುಖಕ್ಕೆ ಹೊಡೆದಂತೆ ಕೇಳಿದರು. ನೀವು ಬರುವ ಮೊದಲು ನಮಗೆ ಊರ ಬಾವಿಯ ನೀರಿಲ್ಲ, ಗುಡಿಯ ಪ್ರವೇಶವಿಲ್ಲ. ನೂರೈವತ್ತು ವರ್ಷ ಆಳಿದ ಮೇಲೆ ಅದರಲ್ಲಿ ಯಾವುದನ್ನು ಕೊಡಿಸಿದಿರಿ ಎಂಬುದು ಅವರ ಪ್ರಶ್ನೆಯ ಸಾರ. ಬ್ರಿಟಿಷರ ಶಿಕ್ಷಣದ ಫಲ ಪಡೆದವರಲ್ಲಿ ಅವರೇ ಎದ್ದುಕಾಣುವ ಉದಾಹರಣೆ. ಅವರೇ ಆ ಆಳ್ವಿಕೆಯನ್ನು ಹೀಗೆ ಕಟಕಟೆಗೆ ನಿಲ್ಲಿಸಿದರು. ಎರಡೂ ಒಟ್ಟಿಗೆ ನಿಜವಾಗಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಜೀತದ ವಿಷಯವೂ ಹೀಗೆಯೇ. ಕರಾವಳಿಯಲ್ಲಿಯೂ ಕೊಡಗಿನಲ್ಲಿಯೂ ಭೂಮಿಯೊಂದಿಗೆ ಮನುಷ್ಯರನ್ನೂ ಮಾರುವ, ಅಡವಿಡುವ ಪದ್ಧತಿ ಕಂಪನಿ ಬರುವ ಮೊದಲೇ ಇತ್ತು. 1843ರ 5ನೆಯ ಕಾಯಿದೆ ಅದಕ್ಕಿದ್ದ ಕಾನೂನಿನ ಬೆಂಬಲವನ್ನು ಕಿತ್ತುಹಾಕಿತು. ಇದು ಸಣ್ಣ ಸಂಗತಿಯಲ್ಲ. ಆದರೆ 1859ರಲ್ಲಿ ಅದೇ ಸರ್ಕಾರ ಇನ್ನೊಂದು ಕಾಯಿದೆ ತಂದು, ಮುಂಗಡ ಪಡೆದ ಕೂಲಿಯಾಳು ಕೆಲಸ ಬಿಟ್ಟುಹೋದರೆ ಅದನ್ನು ಅಪರಾಧವಾಗಿಸಿತು. ಕಾಫಿ ತೋಟಗಳ ದೊರೆಗಳಿಗೆ ಇದರಿಂದ ಎಷ್ಟು ಅನುಕೂಲವಾಯಿತೆಂದು ಬಿಡಿಸಿ ಹೇಳಬೇಕಿಲ್ಲ. ಅದು ರದ್ದಾದದ್ದು 1925ರಲ್ಲಿ.

ನೀವು ಗದಗದವರಾದ್ದರಿಂದ ಇನ್ನೊಂದನ್ನು ಹೇಳಲೇಬೇಕು. ಗದಗ–ಬೆಟಗೇರಿಯಲ್ಲಿ, ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬ ಬಡಾವಣೆಗಳಿವೆ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಬೇರಿನಿಂದ ಬೆಳೆದ ಬಡಾವಣೆಗಳವು. ಇಡೀ ಸಮುದಾಯಗಳನ್ನೇ ಹುಟ್ಟು ಕಳ್ಳರೆಂದು ಪಟ್ಟಿ ಮಾಡಿ, ಹಾಜರಿ ಹಾಕಿಸಿ, ಮುಂದೆ ತಂತಿಬೇಲಿಯೊಳಗೆ ಕೂಡಿಹಾಕಿದರು. ರಸ್ತೆ, ರೈಲು ಬಂದು ಸರಕು ಸಾಗಿಸುವ ಕಸುಬು ಹೋಗಿ ಅಲೆಯಬೇಕಾದವರೇ ಅವರಲ್ಲಿ ಎಷ್ಟೋ ಮಂದಿ. ಅವರಿಗೆ ಆ ಕಳಂಕದಿಂದ ಕಾನೂನಿನ ಬಿಡುಗಡೆ ಸಿಕ್ಕಿದ್ದು 1952ರಲ್ಲಿ, ಕೆಂಪುಕೋಟೆಯ ಮೇಲೆ ಬಾವುಟ ಹಾರಿದ ಐದು ವರ್ಷಗಳ ನಂತರ. ವಸಾಹತು ಆಳ್ವಿಕೆ ಕೆಳಜಾತಿಯವರಿಗೆ ಒಳ್ಳೆಯದು ಮಾಡಿತು ಎಂದು ಯಾರಾದರೂ ಸಾರಾಸಗಟಾಗಿ ಹೇಳಿದರೆ, ಅವರನ್ನು ಈ ಬಡಾವಣೆಗೆ ಕರೆದುಕೊಂಡು ಹೋಗಿ.

ಭಾಷೆ, ಮುದ್ರಣದ ವಿಷಯದಲ್ಲಿ ಕನ್ನಡಿಗರು ಕೃತಜ್ಞರಾಗಿರುವುದು ಸಹಜ. 1843ರಲ್ಲಿ ಮಂಗಳೂರಿನಿಂದ ಹೊರಟ ಮೊದಲ ಕನ್ನಡ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ನಡೆಸಿದವನು ಹರ್ಮನ್ ಮೋಗ್ಲಿಂಗ್. ಕಿಟೆಲ್‌ನ ನಿಘಂಟು 1894ರಲ್ಲಿ ಬಂತು. ಇವರಿಬ್ಬರೂ ಜರ್ಮನರು, ಬಾಸೆಲ್ ಮಿಷನ್ನಿನವರು, ಬ್ರಿಟಿಷ್ ಸರ್ಕಾರದ ನೌಕರರಲ್ಲ. ಮಂಗಳೂರು ಹಂಚಿನ ಉದ್ಯಮವನ್ನು 1865ರಲ್ಲಿ ಆರಂಭಿಸಿದ್ದೂ ಆ ಮಿಷನ್ನೇ. ಮೊದಲ ಮಹಾಯುದ್ಧದಲ್ಲಿ ಶತ್ರು ದೇಶದವರೆಂಬ ಕಾರಣಕ್ಕೆ ಬ್ರಿಟಿಷರು ಅದರ ಕಾರ್ಖಾನೆಗಳನ್ನು ವಶಪಡಿಸಿಕೊಂಡರು. ಬಿ. ಎಲ್. ರೈಸ್ ಮಾತ್ರ ಸರ್ಕಾರಿ ಅಧಿಕಾರಿಯಾಗಿದ್ದುಕೊಂಡೇ ಸಾವಿರಾರು ಶಾಸನಗಳನ್ನು ಅಚ್ಚಿಗಿಳಿಸಿದ. ಅವನ ಋಣ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಇತ್ತ ಧಾರವಾಡ ಭಾಗದ ಶಾಲೆಗಳಲ್ಲಿ ಮರಾಠಿಯೇ ಮೆರೆಯುತ್ತಿದ್ದಾಗ ಕನ್ನಡ ಶಾಲೆಗಳಿಗಾಗಿ ಊರೂರು ಅಲೆದವರು ಡೆಪ್ಯುಟಿ ಚನ್ನಬಸಪ್ಪನವರು. ಸರ್ಕಾರಿ ನೌಕರಿಯಲ್ಲಿದ್ದುಕೊಂಡೇ ಆ ಯಂತ್ರವನ್ನು ತಮ್ಮ ಜನರ ಕಡೆಗೆ ತಿರುಗಿಸಿದರು. ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದು ಬಹಿಷ್ಕಾರ ಉಂಡ ಕುದ್ಮುಲ್ ರಂಗರಾಯರೂ ಅದೇ ಸಾಲಿನವರು. ಒಳಿತುಗಳ ಪಟ್ಟಿಯನ್ನು ಹತ್ತಿರದಿಂದ ನೋಡಿದರೆ ಹೀಗೆ ಇಂಥ ಹೆಸರುಗಳೇ ಎದುರಾಗುತ್ತವೆ.

ಮೈಸೂರನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ಬ್ರಿಟಿಷರು ಇಲ್ಲದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಅದು ಅರ್ಧ ಉತ್ತರ. ಅರ್ಧ ಮಾತ್ರ, ಏಕೆಂದರೆ ಬ್ರಿಟಿಷರ ಪ್ರತಿನಿಧಿಯಾದ ರೆಸಿಡೆಂಟ್ ಸಾಹೇಬರ ಕಣ್ಣು ಸದಾ ಅರಮನೆಯ ಮೇಲಿತ್ತು. 1799ರ ಒಪ್ಪಂದದಂತೆ ಮೈಸೂರು ವರ್ಷಕ್ಕೆ 24.5 ಲಕ್ಷ ರೂಪಾಯಿ ಪೊಗದಿ, ಅಂದರೆ ಕಪ್ಪ, ಕೊಡಬೇಕಿತ್ತು. ರಾಜ್ಯ ಮರಳಿ ಬಂದ 1881ರ ಹೊತ್ತಿಗೆ ಸಂಸ್ಥಾನದ ವರಮಾನವೇ ಸುಮಾರು ಒಂದು ಕೋಟಿ. ಕಾಲು ಭಾಗ ಕಪ್ಪಕ್ಕೇ ಹೋಗುತ್ತಿತ್ತು. 1896ರಿಂದ ಅದು 35 ಲಕ್ಷವಾಯಿತು, ಹೆಚ್ಚಿಸಿದ್ದನ್ನು ಬಿಟ್ಟುಕೊಟ್ಟದ್ದು 1928ರಲ್ಲಿ. ಇಷ್ಟು ಹೊರೆ ಹೊತ್ತೂ ಆ ಸಂಸ್ಥಾನ ಮಾಡಿದ್ದನ್ನು ನೋಡಿ. ದಿವಾನ್ ರಂಗಾಚಾರ್ಲು 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಕೂಡಿಸಿದರು. ಅದಕ್ಕೆ ಅಧಿಕಾರ ಕಡಿಮೆ, ಬಂದವರು ಜಮೀನ್ದಾರರು, ವರ್ತಕರು. ಆದರೂ ಆಳುವವರ ಎದುರು ನಿಂತು ದೂರು ಹೇಳುವ ಒಂದು ಜಾಗವಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಗಣಿಗಳಿಗೆ ಹರಿಯಿತು. ಮೊದಲು ಬೆಳಗಿದ್ದು ಲಂಡನ್ನಿನ ಜಾನ್ ಟೇಲರ್ ಕಂಪನಿಯ ಚಿನ್ನದ ಗಣಿ, ಬೆಂಗಳೂರಿನ ಬೀದಿದೀಪಗಳು 1905ರಲ್ಲಿ. ಆದರೆ ಕಂಪನಿಯಿಂದ ಬಂದ ರಾಜಧನ ಮೈಸೂರಿನ ಬೊಕ್ಕಸಕ್ಕೆ ಸೇರಿ ಇಲ್ಲೇ ಖರ್ಚಾಯಿತು. 1916ರಲ್ಲಿ ವಿಶ್ವವಿದ್ಯಾಲಯ ಬಂತು. 1918ರಲ್ಲಿ ಮಿಲ್ಲರ್ ಸಮಿತಿ ಕೂತು, ಬ್ರಾಹ್ಮಣೇತರರಿಗೆ ನೌಕರಿಯಲ್ಲಿ ಪಾಲು ಕೊಡಬೇಕೆಂದಿತು. ಶಿವನಸಮುದ್ರದ ತಂತ್ರಜ್ಞಾನ ವಿದೇಶದ್ದು, ಎಂಜಿನಿಯರ್ ಲಾಟ್ಬಿನಿಯರ್ ಕೆನಡಾ ಮೂಲದವನು, ವಿದ್ಯುತ್ ಯಂತ್ರಗಳು ಅಮೆರಿಕದವು. ತೀರ್ಮಾನದ ಒಂದು ಪಾಲು ಇಲ್ಲಿಯದಾಗಿದ್ದಾಗ ವಿದೇಶದ ವಿದ್ಯೆ ಇಲ್ಲಿನವರ ಕೆಲಸಕ್ಕೆ ಬಂತು.

ಹಾಗೆಂದು ಅರಸರಿದ್ದಲ್ಲೆಲ್ಲ ಅಭಿವೃದ್ಧಿಯಾಯಿತು ಎನ್ನಬೇಡಿ. ನಿಜಾಮನ ಕೈಯಲ್ಲಿದ್ದ ಕಲಬುರಗಿ, ರಾಯಚೂರು, ಬೀದರ್‌ಗಳ ಹಿಂದುಳಿಯುವಿಕೆಯನ್ನು ಸರಿಪಡಿಸಲು ಇಂದಿಗೂ ಸಂವಿಧಾನದ 371 ಜೆ ವಿಧಿ ಬೇಕಾಗಿದೆ. ದೇಸಿ ಅರಸ ಎಂಬುದೇ ಒಂದು ಅರ್ಹತೆಯಲ್ಲ. ಆಳುವವನನ್ನು ಪ್ರಶ್ನಿಸುವವರಿದ್ದರೋ ಇಲ್ಲವೋ, ವ್ಯತ್ಯಾಸ ಬಂದದ್ದು ಅಲ್ಲಿ.

ಮೈಸೂರಿನ ಕೈ ಎಷ್ಟು ಗಟ್ಟಿಯಾಗಿ ಕಟ್ಟಿತ್ತು ಎಂಬುದಕ್ಕೆ ಕಾವೇರಿ ಸಾಕ್ಷಿ. 1892ರ ಒಪ್ಪಂದದಂತೆ ಮೈಸೂರು ತನ್ನದೇ ನೆಲದಲ್ಲಿ ಹೊಸ ಕಟ್ಟೆ ಕಟ್ಟಲು ಮದ್ರಾಸಿನ ಒಪ್ಪಿಗೆ ಬೇಕಿತ್ತು. ಕನ್ನಂಬಾಡಿಯ ವಿವಾದ ಪಂಚಾಯ್ತಿಗೆ ಹೋಗಿ, ಗ್ರಿಫಿನ್ ಎಂಬ ನ್ಯಾಯಾಧೀಶ 1914ರಲ್ಲಿ ಬಹುಮಟ್ಟಿಗೆ ಮೈಸೂರಿನ ಪರವಾಗಿ ತೀರ್ಪು ಕೊಟ್ಟ. ಭಾರತ ಸರ್ಕಾರ ಅದನ್ನು ಒಪ್ಪಿತು. ಮದ್ರಾಸು ಲಂಡನ್ನಿಗೆ ಮೇಲ್ಮನವಿ ಹಾಕಿ ಅದನ್ನು ತಡೆಯಿತು. ಕೊನೆಗೆ 1924ರಲ್ಲಿ ಐವತ್ತು ವರ್ಷಗಳ ಒಪ್ಪಂದವಾಯಿತು. ಅದರ ಅವಧಿ ಮುಗಿದ ಮೇಲೆ ಎದ್ದ ಜಗಳ 1990ರಲ್ಲಿ ನ್ಯಾಯಮಂಡಳಿಗೆ, 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿಗೆ ಮುಟ್ಟಿತು. ಇಬ್ಬರು ನೆರೆಯವರಲ್ಲಿ ಒಬ್ಬರು ಬ್ರಿಟಿಷರ ನೇರ ಪ್ರಜೆಗಳು, ಇನ್ನೊಬ್ಬರು ಅವರ ಅಡಿಯಾಳು ಅರಸನ ಪ್ರಜೆಗಳು. ಆ ತಕ್ಕಡಿಯಲ್ಲಿ ತೂಗಿದ ನೀರಿಗೆ ಇಂದಿನ ಮಂಡ್ಯದ ರೈತನೂ ತಂಜಾವೂರಿನ ರೈತನೂ ಹೊಡೆದಾಡುತ್ತಿದ್ದಾರೆ.

ಅಂಕಿಅಂಶಗಳ ಬಗ್ಗೆ ಒಂದು ಎಚ್ಚರಿಕೆ. 1700ರ ಸುಮಾರಿಗೆ ಜಗತ್ತಿನ ಒಟ್ಟು ಉತ್ಪನ್ನದಲ್ಲಿ ಭಾರತದ ಪಾಲು ಕಾಲು ಭಾಗ ಇತ್ತು, ಬ್ರಿಟಿಷರು ಹೋಗುವಾಗ ನೂರಕ್ಕೆ ನಾಲ್ಕಕ್ಕೆ ಇಳಿದಿತ್ತು ಎಂಬ ಮಾತನ್ನು ಎಲ್ಲರೂ ಉರು ಹೊಡೆಯುತ್ತಾರೆ. ಪಾಲು ಇಳಿಯಲು ಯುರೋಪು, ಅಮೆರಿಕಗಳ ಕೈಗಾರಿಕೆ ನೆಗೆದದ್ದೂ ಕಾರಣ, ಇಳಿದದ್ದೆಲ್ಲ ಕದ್ದದ್ದಲ್ಲ. ಅದಕ್ಕಿಂತ ಗಟ್ಟಿಯಾದ ಅಂಕಿ ಬೇಕಿದ್ದರೆ ಇವನ್ನು ಇಟ್ಟುಕೊಳ್ಳಲಿ: 1901ರಲ್ಲಿ ಅಕ್ಷರಸ್ಥರು ನೂರಕ್ಕೆ 5.35, ಐವತ್ತು ವರ್ಷಗಳ ನಂತರ 1951ರಲ್ಲಿ 18.33. ಬ್ರಿಟಿಷರು ಹೊರಟಾಗ ಸರಾಸರಿ ಆಯಸ್ಸು ಸುಮಾರು 32 ವರ್ಷ. ಸುಧಾರಿಸುವುದಕ್ಕೇ ಬಂದೆವೆಂದು ಹೇಳಿಕೊಂಡವರ ಕೊನೆಯ ಲೆಕ್ಕಪತ್ರವಿದು.

ನಿಮ್ಮ ಮಗಳಿಗೆ ವಿಷಯದ ಪರವಾಗಿ ಮಾತನಾಡುವ ಚೀಟಿ ಬಂದರೆ ರೈಲನ್ನು ಬಿಟ್ಟುಬಿಡಲಿ. ಧಾರವಾಡದ ಹುಡುಗನ ಅರ್ಜಿ, 1843ರ ಕಾಯಿದೆ, ಬರಗಾಲದ ಸಂಹಿತೆ, ರೈಸ್‌ನ ಶಾಸನ ಸಂಪುಟಗಳು, ಇಷ್ಟನ್ನು ಹಿಡಿದರೆ ಎದುರಾಳಿಗೆ ಉತ್ತರಿಸುವುದು ಕಷ್ಟ. ವಿರೋಧದ ಚೀಟಿ ಬಂದರೆ 1877 ಒಂದೇ ಸಾಕು. ಆ ಕಾಲದ ಜನ ಏನೆಂದುಕೊಂಡಿದ್ದರು ಎಂದು ಯಾರಾದರೂ ಕೇಳಿದರೆ, 1824ರ ಕಿತ್ತೂರು, ಆಯುಧ ಒಪ್ಪಿಸಲಾರೆವೆಂದು 1857ರಲ್ಲಿ ಸಿಡಿದ ಹಲಗಲಿಯ ಬೇಡರು, 1930ರಲ್ಲಿ ಉಪ್ಪು ಮಾಡಿ ಮುಂದೆ ಕರ ನಿರಾಕರಿಸಿ ಹೊಲ ಮನೆ ಕಳೆದುಕೊಂಡ ಅಂಕೋಲೆಯ ರೈತರು, ಇವರನ್ನು ಹೆಸರಿಸಲಿ.

ಏನು ಓದಬೇಕು ಎಂದು ಕೇಳಿದ್ದೀರಿ. ಮುಂಬಯಿ ಸರ್ಕಾರ 1884ರಲ್ಲಿ ಅಚ್ಚು ಹಾಕಿಸಿದ ಧಾರವಾಡ ಜಿಲ್ಲೆಯ ಗ್ಯಾಸೆಟಿಯರ್ ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತದೆ, ಅಂತರಜಾಲದಲ್ಲಿಯೂ ಇದೆ. ಗದಗ ಆಗ ಆ ಜಿಲ್ಲೆಯ ಒಂದು ತಾಲ್ಲೂಕು. ಇಂಗ್ಲಿಷ್ ಸ್ವಲ್ಪ ಹಳೆಯದು, ಜೊತೆಗೆ ಕುಳಿತು ಓದಿಸಿ. ಬರೆದವರು ಬ್ರಿಟಿಷ್ ಅಧಿಕಾರಿಗಳೇ ಆದ್ದರಿಂದ ತಮ್ಮನ್ನು ಹೊಗಳಿಕೊಳ್ಳುವ ಕಡೆ ಅನುಮಾನವಿರಲಿ; ಕಂದಾಯದ ಲೆಕ್ಕ, ಹತ್ತಿಯ ದರ, ಬರದ ವರ್ಷಗಳ ವಿವರಗಳನ್ನು ಮಾತ್ರ ಅವರು ಶ್ರದ್ಧೆಯಿಂದ ಬರೆದಿಟ್ಟಿದ್ದಾರೆ. ಬರದ ಪುಟಗಳಿಂದಲೇ ಆರಂಭಿಸಲಿ.